ಕೋನಾದಲ್ಲಿ ನಾನು ಸ್ಪರ್ಧಿಸಿದ್ದು ಬಿಸಿಲಿನ ಜೊತೆ

2025ರ ಅಕ್ಟೋಬರ್ 11ರಂದು ಹವಾಯಿ ದ್ವೀಪದ ಕೈಲುವಾ-ಕೋನಾದಲ್ಲಿ ನಡೆದ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, 40ರಿಂದ 44 ವಯಸ್ಸಿನ ಮಹಿಳೆಯರ ಗುಂಪಿನಲ್ಲಿ ನಾನು ಸ್ಪರ್ಧಿಸಿದೆ. ಸಮುದ್ರದಲ್ಲಿ 3.8 ಕಿಲೋಮೀಟರ್ ಈಜು, ಆಮೇಲೆ 180 ಕಿಲೋಮೀಟರ್ ಸೈಕಲ್, ಅದು ಮುಗಿದ ಮೇಲೆ 42.2 ಕಿಲೋಮೀಟರ್ ಓಟ. ಎಲ್ಲಾ ಸೇರಿ 17 ಗಂಟೆಯೊಳಗೆ ಮುಗಿಸಬೇಕು. ನನಗೆ 13 ಗಂಟೆ ಚಿಲ್ಲರೆ ಹಿಡಿಯಿತು. ನಾನು ಆಫೀಸಿಗೆ ಹೋಗಿ ಬರುವವಳು, ಬೆಳಗ್ಗೆ ಮತ್ತು ರಾತ್ರಿ ಸಿಕ್ಕ ಸಮಯದಲ್ಲಿ ಅಭ್ಯಾಸ ಮಾಡುವ ಹವ್ಯಾಸಿ.

ವಾಪಸ್ ಬಂದಾಗಿನಿಂದ ಎಲ್ಲರೂ ಕೇಳುವುದು "ಅಷ್ಟು ದೂರ ಹೇಗೆ ಮಾಡಿದ್ರಿ?" ಅಂತ. ಇಷ್ಟೇ ದೂರದ ರೇಸ್‌ಗಳು ಬೇರೆ ಎಷ್ಟೋ ಕಡೆ ನಡೆಯುತ್ತವೆ. ಅಂಥದ್ದೊಂದನ್ನು ಚೆನ್ನಾಗಿ ಮುಗಿಸಿದವರೇ ಕೋನಾಕ್ಕೆ ಬರುವುದು. ಹಾಗಾಗಿ ದೂರ ಅಲ್ಲಿ ಯಾರಿಗೂ ಹೊಸದಲ್ಲ. ಕೋನಾದಲ್ಲಿ ಜನರನ್ನು ಬೀಳಿಸುವುದು ಬಿಸಿಲು, ಸೆಖೆ, ಗಾಳಿ. ನನ್ನ ಇಡೀ ತಯಾರಿ ಒಂದೇ ಪ್ರಶ್ನೆಯ ಸುತ್ತ ಇತ್ತು: ಮೈಯೊಳಗಿನ ಬಿಸಿಯನ್ನು ಹೇಗೆ ಹೊರಗೆ ಹಾಕುವುದು? ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಸೀಟು ಸಿಕ್ಕಿದ ವಿಷಯ. ನನಗೆ ಸಿಕ್ಕಿದ್ದು ರೋಲ್‌ಡೌನ್‌ನಲ್ಲಿ. ಆಗ ಅರ್ಹತಾ ರೇಸ್‌ನಲ್ಲಿ ಪ್ರತಿ ವಯಸ್ಸಿನ ಗುಂಪಿಗೆ ಇಷ್ಟು ಅಂತ ಸೀಟು ಇರುತ್ತಿದ್ದವು. ಮುಂದೆ ಬಂದವರು ಬೇಡ ಅಂದರೆ ಅದು ಅವರ ಹಿಂದಿನವರಿಗೆ ಇಳಿಯುತ್ತಿತ್ತು. ಹೆಸರು ಕರೆದಾಗ ನೀವು ಅಲ್ಲೇ ಇರಬೇಕು, ಆಗಲೇ ಒಪ್ಪಿಕೊಂಡು ದುಡ್ಡು ಕಟ್ಟಬೇಕು. 2023ರಿಂದ 2025ರವರೆಗೆ ಗಂಡಸರ ಮತ್ತು ಹೆಂಗಸರ ಚಾಂಪಿಯನ್‌ಶಿಪ್‌ಗಳು ಬೇರೆ ಬೇರೆ ಊರಲ್ಲಿ ನಡೆದವು, ಒಂದು ಕೋನಾದಲ್ಲಾದರೆ ಇನ್ನೊಂದು ಫ್ರಾನ್ಸಿನ ನೀಸ್‌ನಲ್ಲಿ. ಇದರಿಂದ ಹೆಂಗಸರಿಗೆ ಸೀಟು ಜಾಸ್ತಿ ಆದವು. "ಹಾಗಾದರೆ ಸುಲಭವಾಗಿ ಸಿಕ್ಕಿತು" ಅನ್ನುವವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. 1978ರಲ್ಲಿ ಒವಾಹು ದ್ವೀಪದಲ್ಲಿ ಮೊದಲ ಐರನ್‌ಮ್ಯಾನ್ ನಡೆದಾಗ ಶುರು ಮಾಡಿದವರು 15 ಜನ, ಹದಿನೈದೂ ಗಂಡಸರು. ಮರುವರ್ಷ ಲಿನ್ ಲಮೇರ್ ಅನ್ನುವ ಒಬ್ಬರೇ ಒಬ್ಬರು ಹೆಂಗಸು ಬಂದರು, ಒಟ್ಟಾರೆ ಐದನೆಯವರಾಗಿ ಮುಗಿಸಿದರು. ಅಲ್ಲಿಂದ ಮುಂದೆ, ಇಡೀ ದಿನ ರಸ್ತೆ ತುಂಬ ಹೆಂಗಸರೇ ಇರುವ ಒಂದು ಚಾಂಪಿಯನ್‌ಶಿಪ್ ಆಗುವುದಕ್ಕೆ ಇಷ್ಟು ವರ್ಷ ಹಿಡಿಯಿತು. ಅದರಲ್ಲಿ ನಾನೂ ಇದ್ದೆ ಅನ್ನುವುದು ನನಗೆ ದೊಡ್ಡ ಖುಷಿ.

ಈಗ ಬಿಸಿಲಿನ ವಿಷಯಕ್ಕೆ ಬರೋಣ. ಕೋನಾದಲ್ಲಿ ಅಕ್ಟೋಬರ್ ಮಧ್ಯಾಹ್ನ ಸುಮಾರು 30 ಡಿಗ್ರಿ ಇರುತ್ತದೆ. "ಮೂವತ್ತೇ ಅಲ್ವಾ?" ಅಂತ ನಮ್ಮ ಮನೆಯಲ್ಲೇ ಕೇಳಿದರು. ಸುಮ್ನೆ ನೆರಳಲ್ಲಿ ಕೂತವರಿಗೆ ಅದು ಏನೂ ಅಲ್ಲ. ಆದರೆ ನಾವು ಪೆಡಲ್ ತುಳಿಯುವಾಗ ಸುಡುವ ಶಕ್ತಿಯಲ್ಲಿ ಕಾಲು ಭಾಗವೂ ಪೆಡಲ್‌ಗೆ ಹೋಗುವುದಿಲ್ಲ, ಉಳಿದದ್ದೆಲ್ಲ ಬಿಸಿಯಾಗುತ್ತದೆ. ಅದು ಮೈಯಿಂದ ಹೊರಗೆ ಹೋಗಲೇಬೇಕು. ಹೋಗುವ ಮುಖ್ಯ ದಾರಿ ಬೆವರು ಆರುವುದು. ಸಮುದ್ರದ ಪಕ್ಕದ ಊರು, ಗಾಳಿಯಲ್ಲೇ ನೀರಿನಂಶ ತುಂಬಿರುತ್ತದೆ, ಅಲ್ಲಿ ಬೆವರು ಸರಿಯಾಗಿ ಆರುವುದಿಲ್ಲ, ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವ ಬೆವರಿನಿಂದ ನೀರು, ಉಪ್ಪು ಎರಡೂ ಹೋಗುತ್ತವೆ, ಮೈ ಮಾತ್ರ ತಣ್ಣಗಾಗುವುದಿಲ್ಲ. ಆಗ ಹೃದಯ ಎರಡು ಕಡೆಗೆ ರಕ್ತ ಕಳಿಸಬೇಕು. ಕಾಲಿಗೂ ಬೇಕು, ಬಿಸಿ ಹೊರಹಾಕಲು ಚರ್ಮಕ್ಕೂ ಬೇಕು. ಇವೆರಡರ ನಡುವೆ ಹೊಟ್ಟೆಗೆ ಸಿಗುವುದು ಕಡಿಮೆಯಾಗುತ್ತದೆ, ತಿಂದದ್ದು ಅಲ್ಲೇ ನಿಲ್ಲುತ್ತದೆ, ವಾಂತಿ ಬರುತ್ತದೆ. ಈಜು, ಸೈಕಲ್, ಓಟ ಮೂರೂ ಇರುವ ಇಂಥ ಉದ್ದದ ಟ್ರಯಥ್ಲಾನ್‌ಗಳಲ್ಲಿ "ಹೊಟ್ಟೆ ಕೈಕೊಟ್ಟಿತು" ಅನ್ನುವವರ ಕಥೆ ಎಷ್ಟೋ ಸಲ ಬಿಸಿಯಿಂದಲೇ ಶುರುವಾಗಿರುತ್ತದೆ.

ಒಳ್ಳೆಯ ಸುದ್ದಿ ಏನೆಂದರೆ ಬಿಸಿಗೆ ಮೈಯನ್ನು ಪಳಗಿಸಬಹುದು. ಹತ್ತರಿಂದ ಹದಿನಾಲ್ಕು ದಿನ ಬಿಸಿಯಲ್ಲಿ ಅಭ್ಯಾಸ ಮಾಡಿದರೆ ರಕ್ತದ ನೀರಿನ ಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಅಷ್ಟು ದಿನ ಮುಂಚೆ ಹವಾಯಿಗೆ ಹೋಗಿ ಕೂರುವಷ್ಟು ರಜೆ ನನಗಿರಲಿಲ್ಲ. ಹಾಗಾಗಿ ಮನೆಯಲ್ಲೇ ಮಾಡಿದೆ. ಸೈಕಲ್ಲನ್ನು ಟ್ರೇನರ್ (ನಿಂತಲ್ಲೇ ತುಳಿಯಲು ಬಳಸುವ ಸ್ಟ್ಯಾಂಡ್) ಮೇಲೆ ನಿಲ್ಲಿಸಿ, ಕಿಟಕಿ ಮುಚ್ಚಿ, ಫ್ಯಾನ್ ಆಫ್ ಮಾಡಿ, ಉದ್ದ ತೋಳಿನ ಬಟ್ಟೆ ಹಾಕಿ ನಿಧಾನವಾಗಿ ತುಳಿಯುವುದು. ವೇಗದ ಅಭ್ಯಾಸವನ್ನು ಹೀಗೆ ಮಾಡಬೇಡಿ. ಬಿಸಿಯ ದಿನ ಬೇರೆ, ವೇಗದ ದಿನ ಬೇರೆ. ಎರಡನ್ನೂ ಒಂದೇ ದಿನ ತುರುಕಿದರೆ ಎರಡೂ ಕೆಡುತ್ತವೆ.

ಇನ್ನೊಂದು ದಾರಿ ಬಿಸಿ ನೀರು. ಓಡಿ ಬಂದ ತಕ್ಷಣ, ಮೈ ಇನ್ನೂ ಬಿಸಿ ಇರುವಾಗಲೇ, 40 ಡಿಗ್ರಿ ನೀರಿನ ಟಬ್‌ನಲ್ಲಿ ಕುತ್ತಿಗೆವರೆಗೆ ಮುಳುಗಿ ಕೂರುವುದು. ಮೊದಮೊದಲು ಇಪ್ಪತ್ತು ನಿಮಿಷ, ಅಭ್ಯಾಸವಾದ ಮೇಲೆ ನಲವತ್ತರವರೆಗೆ. ಕೇಳಲು ಹಿತವಾಗಿದೆ, ಆದರೆ ಹದಿನೈದು ನಿಮಿಷ ದಾಟಿದ ಮೇಲೆ ಎದ್ದು ಹೋಗಬೇಕು ಅನ್ನುವುದೊಂದೇ ತಲೆಯಲ್ಲಿರುತ್ತದೆ. ಕಿವಿಯೊಳಗೆ ಎದೆಬಡಿತ ಕೇಳಿಸುತ್ತದೆ. ಇದನ್ನು ಒಬ್ಬರೇ ಇರುವಾಗ ಯಾವತ್ತೂ ಮಾಡಬಾರದು, ಏಳುವಾಗ ತಲೆ ಸುತ್ತಿ ಬೀಳುವ ಸಾಧ್ಯತೆ ನಿಜವಾಗಿಯೂ ಇದೆ. ನನ್ನ ಗಂಡ ಬಚ್ಚಲ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತು, ಐದು ನಿಮಿಷಕ್ಕೊಮ್ಮೆ "ಹೇಗಿದ್ದೀಯಾ? ಮಾತಾಡು" ಅನ್ನುತ್ತಿದ್ದರು. ನಾನು ಉತ್ತರ ಕೊಡಲು ತಡ ಮಾಡಿದರೆ ಬಾಗಿಲು ತಟ್ಟುತ್ತಿದ್ದರು. ಬಿಪಿ, ಹೃದಯದ ತೊಂದರೆ ಇರುವವರು ಡಾಕ್ಟರ್ ಹತ್ತಿರ ಮಾತಾಡದೆ ಇದಕ್ಕೆ ಕೈ ಹಾಕಬೇಡಿ.

ಹೆಂಗಸರು ಗಮನಿಸಬೇಕಾದ ಒಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮುಟ್ಟಿಗೆ ಮುಂಚಿನ ಎರಡು ವಾರಗಳಲ್ಲಿ ಸುಮ್ಮನಿದ್ದರೂ ಮೈಬಿಸಿ 0.3ರಿಂದ 0.5 ಡಿಗ್ರಿಯಷ್ಟು ಜಾಸ್ತಿ ಇರುತ್ತದೆ. ಅದೇ ಓಟ, ಅದೇ ಬಿಸಿಲು, ಆದರೂ ಎದೆಬಡಿತ ಹೆಚ್ಚು ತೋರಿಸುತ್ತದೆ. ನಾನು ತಿಂಗಳುಗಟ್ಟಲೆ ಗುರುತು ಹಾಕಿಕೊಂಡು ಬಂದಿದ್ದರಿಂದ, ರೇಸ್ ಆ ದಿನಗಳಲ್ಲೇ ಬೀಳುತ್ತದೆ ಅಂತ ಮೊದಲೇ ಗೊತ್ತಿತ್ತು. ಅದಕ್ಕೆ ತಕ್ಕ ಹಾಗೆ ಸೈಕಲ್‌ನ ವ್ಯಾಟ್ ಗುರಿಯನ್ನು, ಅಂದರೆ ಪೆಡಲ್‌ಗೆ ಹಾಕುವ ಶಕ್ತಿಯ ಅಳತೆಯನ್ನು, ಸ್ವಲ್ಪ ಇಳಿಸಿಕೊಂಡೆ.

ಬೆವರಿನ ಲೆಕ್ಕ ತುಂಬ ಸುಲಭ, ಎಲ್ಲರೂ ಮಾಡಿಕೊಳ್ಳಬೇಕು. ಒಂದು ಗಂಟೆ ಅಭ್ಯಾಸಕ್ಕೆ ಮುಂಚೆ ಬಟ್ಟೆಯಿಲ್ಲದೆ ತೂಕ ನೋಡಿ, ಮುಗಿದ ಮೇಲೆ ಮೈ ಒರೆಸಿಕೊಂಡು ಮತ್ತೆ ನೋಡಿ. ಕಮ್ಮಿಯಾದ ಒಂದು ಕಿಲೋಗೆ ಒಂದು ಲೀಟರ್ ಬೆವರು. ನಡುವೆ ಕುಡಿದ ನೀರನ್ನು ಅದಕ್ಕೆ ಸೇರಿಸಿ. ಸೆಖೆಯಲ್ಲಿ ನನ್ನದು ಗಂಟೆಗೆ ಒಂದು ಲೀಟರ್‌ಗಿಂತ ಸ್ವಲ್ಪ ಜಾಸ್ತಿ. ಅಷ್ಟನ್ನೂ ಕುಡಿದು ತುಂಬಿಸುವ ಅಗತ್ಯವಿಲ್ಲ, ಹೊಟ್ಟೆ ತಡೆಯುವುದೂ ಇಲ್ಲ. ಬರೀ ನೀರನ್ನೇ ಲೆಕ್ಕವಿಲ್ಲದೆ ಕುಡಿಯುವುದು ಇನ್ನೂ ಅಪಾಯ, ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಕ್ಕೇ ಕುತ್ತು ಬರಬಹುದು. ನಾನು ಗಂಟೆಗೆ ಮುಕ್ಕಾಲು ಲೀಟರ್ ಲೆಕ್ಕ ಇಟ್ಟುಕೊಂಡೆ, ಉಪ್ಪು ಅದರೊಳಗೇ. ಕಾರ್ಬೋಹೈಡ್ರೇಟ್ ಗಂಟೆಗೆ 70 ಗ್ರಾಂ. ಗ್ಲೂಕೋಸ್ ಒಂದೇ ಆದರೆ ಕರುಳು ಗಂಟೆಗೆ ಸುಮಾರು 60 ಗ್ರಾಂ ಮಾತ್ರ ಹೀರುತ್ತದೆ. ಫ್ರಕ್ಟೋಸ್‌ಗೆ ಬೇರೆ ದಾರಿ ಇರುವುದರಿಂದ ಎರಡೂ ಬೆರೆತ ಜೆಲ್ (ಗಟ್ಟಿ ಸಕ್ಕರೆ ಪಾಕದಂಥದ್ದು) ಆದರೆ ಹೆಚ್ಚು ಹೋಗುತ್ತದೆ. ಇದನ್ನೂ ಅಭ್ಯಾಸದಲ್ಲೇ ಹೊಟ್ಟೆಗೆ ಕಲಿಸಬೇಕು.

ರೇಸ್ ದಿನ.

ಕೈಲುವಾ ಕೊಲ್ಲಿಯ ನೀರು ಬೆಚ್ಚಗಿರುತ್ತದೆ, ವೆಟ್‌ಸೂಟ್‌ಗೆ (ರಬ್ಬರಿನ ದಪ್ಪ ಈಜುಡುಗೆಗೆ) ಅನುಮತಿ ಇಲ್ಲ. ತೆಳ್ಳಗಿನ ಸ್ವಿಮ್‌ಸ್ಕಿನ್ ಹಾಕಬಹುದು. ವೆಟ್‌ಸೂಟ್ ಇದ್ದರೆ ಮೈ ತೇಲುತ್ತದೆ, ಈಜು ಅಷ್ಟೇನೂ ಚೆನ್ನಾಗಿ ಬರದವರಿಗೂ ಅದು ದೊಡ್ಡ ಆಸರೆ. ಇಲ್ಲಿ ಅದಿಲ್ಲ. ವಯಸ್ಸಿನ ಗುಂಪುಗಳನ್ನು ಒಂದಾದ ಮೇಲೊಂದು ಬಿಡುತ್ತಾರೆ, ನೀರಿನಲ್ಲೇ ತೇಲುತ್ತಾ ಕಾಯಬೇಕು. ಸುತ್ತಲೂ ನನ್ನದೇ ವಯಸ್ಸಿನವರು. ಬೇರೆ ರೇಸ್‌ಗಳಲ್ಲಿ ಶುರುವಾದ ಸ್ವಲ್ಪ ಹೊತ್ತಿಗೆ ಜನ ಚದುರುತ್ತಾರೆ. ಚಾಂಪಿಯನ್‌ಶಿಪ್‌ನಲ್ಲಿ ಹಾಗಾಗುವುದಿಲ್ಲ, ಎಲ್ಲರ ವೇಗವೂ ಹತ್ತಿರ ಹತ್ತಿರ. ಎಡಗಡೆಯಿಂದ ಒಂದು ಮೊಣಕೈ, ಬಲಗಡೆಯಿಂದ ಒಂದು ಕಾಲು, ಹೀಗೇ ಹತ್ತು ನಿಮಿಷ ಹೋಯಿತು.

ಈಜಿನಲ್ಲಿ ಇನ್ನೊಬ್ಬರ ಹಿಂದೆ ಹೋಗುವುದಕ್ಕೆ ನಿಯಮದಲ್ಲಿ ಅಡ್ಡಿಯಿಲ್ಲ. ಮುಂದಿನವರ ಪಾದಗಳ ಹಿಂದೆ ಏಳುವ ನೀರಿನ ಗುಳ್ಳೆಗಳನ್ನು ನೋಡುತ್ತಾ ಅಲ್ಲೇ ಉಳಿದರೆ ಒಳ್ಳೆಯಷ್ಟು ಶಕ್ತಿ ಉಳಿಯುತ್ತದೆ. ನೀರು ಎಷ್ಟು ತಿಳಿಯಾಗಿತ್ತು ಅಂದರೆ ಕೆಳಗೆ ಹವಳ, ಹಳದಿ ಮೀನುಗಳು ಎಲ್ಲಾ ಕಾಣುತ್ತಿದ್ದವು. ಹೋಗುವಾಗ ಸಲೀಸು, ತಿರುಗಿ ಬರುವಾಗ ಅಲೆ ಎತ್ತಿ ಎತ್ತಿ ಹಾಕುತ್ತಿತ್ತು. ಬೆಚ್ಚಗಿನ ನೀರಿನಲ್ಲಿ ಜೋರಾಗಿ ಈಜಿದರೆ ಅಲ್ಲೇ ಮೈ ಬಿಸಿಯಾಗುತ್ತದೆ ಅನ್ನುವುದು ತಲೆಯಲ್ಲಿತ್ತು, ಹಾಗಾಗಿ ತಡೆದು ತಡೆದು ಈಜಿದೆ. 1 ಗಂಟೆ 20 ನಿಮಿಷದ ಆಸುಪಾಸಿನಲ್ಲಿ ಪಿಯರ್‌ನ (ದೋಣಿ ಕಟ್ಟೆಯ) ಮೆಟ್ಟಿಲು ಹತ್ತಿದೆ. ಸಿಹಿನೀರಿನ ಪೈಪ್ ಕೆಳಗೆ ಬಾಯಿ ತೊಳೆದುಕೊಳ್ಳುವುದನ್ನು ತಪ್ಪಿಸಬೇಡಿ. ಅಷ್ಟು ಹೊತ್ತು ಉಪ್ಪುನೀರಲ್ಲಿದ್ದು ನಾಲಿಗೆ ಊದಿಕೊಂಡಿರುತ್ತದೆ, ಆ ಬಾಯಿಗೆ ಜೆಲ್ ಹಾಕಿದರೆ ಸೇರುವುದಿಲ್ಲ.

ಸೈಕಲ್‌ನಲ್ಲಿ ಊರೊಳಗಿನ ಸುತ್ತು ಮುಗಿಸಿ ಕ್ವೀನ್ ಕೆ ಹೆದ್ದಾರಿಗೆ ಬಂದರೆ ಎರಡೂ ಕಡೆ ಲಾವಾ ಬಯಲು. ಕಪ್ಪು, ಒಡೆದ, ಚೂಪು ಕಲ್ಲು, ಕಣ್ಣು ಹಾಯಿಸಿದಷ್ಟೂ ಅದೇ. ಮರವಿಲ್ಲ, ನೆರಳಿಲ್ಲ. ಬೆಳಗ್ಗೆ ಒಂಬತ್ತಕ್ಕೇ ಆ ಕಲ್ಲು ಕಾದ ಕಾವಲಿಯಂತೆ ಪಕ್ಕದಿಂದ ಬಿಸಿ ಬಿಡುತ್ತಿತ್ತು. ಸೈಕಲ್‌ನಲ್ಲಿ ಒಬ್ಬರ ಹಿಂದೆ ಅಂಟಿಕೊಂಡು ಹೋಗುವಂತಿಲ್ಲ, ನಡುವೆ 12 ಮೀಟರ್ ಬಿಡಬೇಕು, ಆ ಅಂತರದೊಳಗೆ ಹೋದರೆ 25 ಸೆಕೆಂಡಿನೊಳಗೆ ದಾಟಿ ಮುಂದೆ ಹೋಗಬೇಕು. ತಪ್ಪಿದರೆ ನೀಲಿ ಕಾರ್ಡ್, ಪೆನಾಲ್ಟಿ ಟೆಂಟ್‌ನಲ್ಲಿ 5 ನಿಮಿಷ ನಿಲ್ಲಬೇಕು. ಓದಲು ಸುಲಭ. ಆದರೆ ಒಂದೇ ವೇಗದ ಹತ್ತಾರು ಜನ ಒಟ್ಟಿಗೆ ನೀರಿನಿಂದ ಎದ್ದು ಬಂದಾಗ ಎಲ್ಲರಿಗೂ 12 ಮೀಟರ್ ಎಲ್ಲಿಂದ ಬರಬೇಕು? ಒಬ್ಬರು ನನ್ನನ್ನು ದಾಟಿದ ಕೂಡಲೇ ನಾನು ಹಿಂದೆ ಸರಿಯಬೇಕು, ಸರಿಯುವಷ್ಟರಲ್ಲಿ ಇನ್ನೊಬ್ಬರು ದಾಟುತ್ತಾರೆ. ಮೊದಲ 40 ಕಿಲೋಮೀಟರ್ ಹೀಗೇ ಹಿಂದೆ ಹಿಂದೆ ಸರಿದೆ. ಅವರ ಜೊತೆ ಹೋಗುವಷ್ಟು ಕಾಲಿನಲ್ಲಿ ಇತ್ತು, ಆದರೆ ಪವರ್ ಮೀಟರ್‌ನಲ್ಲಿ 125 ವ್ಯಾಟ್ ಅಂತ ನಾನೇ ಹಾಕಿಕೊಂಡ ಗೆರೆ ಇತ್ತು. ಹೆಚ್ಚು ವ್ಯಾಟ್ ಅಂದರೆ ಹೆಚ್ಚು ಬಿಸಿ. ಅಷ್ಟೇ ಲೆಕ್ಕ.

ಕವಾಯಿಹೈ ದಾಟಿ, ಸೈಕಲ್ ದಾರಿ ವಾಪಸ್ ತಿರುಗುವ ಊರಾದ ಹಾವೀ ಕಡೆಗೆ ಏರುವ ದಾರಿಯಲ್ಲಿ ಗಾಳಿ ಸಿಗುತ್ತದೆ. ಈಶಾನ್ಯದಿಂದ ಬೀಸುವ ಗಾಳಿ ಮೌನಾ ಕೇಯಾ ಮತ್ತು ಕೊಹಾಲಾ ಬೆಟ್ಟಗಳ ನಡುವಿನ ತಗ್ಗಿನಲ್ಲಿ ನುಗ್ಗಿ, ಅಲ್ಲಿ ಇಕ್ಕಟ್ಟಾಗಿ, ರಭಸ ಹೆಚ್ಚಿಸಿಕೊಂಡು ಕೆಳಗಿನ ಕರಾವಳಿಗೆ ಇಳಿಯುತ್ತದೆ. ಅಲ್ಲಿನವರು ಅದನ್ನು ಮುಮುಕು ಅನ್ನುತ್ತಾರೆ. ಅದು ಒಂದೇ ಸಮ ಬೀಸುವುದಿಲ್ಲ. ಒಂದು ದಿಣ್ಣೆ ಮರೆಯಾದಾಗ ಪೂರ್ತಿ ನಿಂತು, ದಿಣ್ಣೆ ಮುಗಿದ ಕೂಡಲೇ ಪಕ್ಕದಿಂದ ಒಂದೇ ಸಲ ತಳ್ಳುತ್ತದೆ. ಕೋನಾದಲ್ಲಿ ಹಿಂದಿನ ಚಕ್ರಕ್ಕೂ ಪೂರ್ತಿ ಮುಚ್ಚಿದ ಡಿಸ್ಕ್ ಹಾಕಲು ಆಗ ಬಿಡದಿದ್ದದ್ದು ಇದಕ್ಕೇ. ನಾನು ಹಗುರ ಮೈಯವಳು, ಇಂಥ ಗಾಳಿಗೆ ಬೇಗ ಸಿಗುತ್ತೇನೆ. ಅದಕ್ಕೆ ಮುಂದಿನ ಚಕ್ರಕ್ಕೆ ಆಳ ಕಮ್ಮಿ ಇರುವ ರಿಮ್ ಹಾಕಿಸಿದ್ದೆ. ಸಪಾಟು ರಸ್ತೆಯಲ್ಲಿ ಇದರಿಂದ ಕೆಲವು ನಿಮಿಷ ಹೋಗುತ್ತದೆ ಅಂತ ಅಂಗಡಿಯವರು ಹೇಳಿದರು, ಹೋಗಲಿ ಅಂದೆ. ಗಾಳಿಗೆ ಹೆದರಿ ಏರೋ ಬಾರ್ (ಬಗ್ಗಿ ಮೊಣಕೈ ಊರುವ ಮುಂದಿನ ಹಿಡಿ) ಬಿಟ್ಟು ಎದ್ದು ಕೂತರೆ ಹೋಗುವ ಸಮಯ ಅದಕ್ಕಿಂತ ಜಾಸ್ತಿ. ಗಾಳಿ ಬಂದಾಗ ಭುಜ ಬಿಗಿ ಮಾಡಬಾರದು, ಹ್ಯಾಂಡಲ್ ಅಮುಕಬಾರದು, ಪೆಡಲ್ ನಿಲ್ಲಿಸಬಾರದು. ಸೈಕಲ್ ಸ್ವಲ್ಪ ವಾಲಲಿ, ತಾನೇ ಸರಿಯಾಗುತ್ತದೆ. ಇದನ್ನು ನಾನು ದೊಡ್ಡ ಲಾರಿಗಳು ಓಡಾಡುವ ಖಾಲಿ ಹೆದ್ದಾರಿ ಅಂಚಿನಲ್ಲಿ ಕಲಿತಿದ್ದು. ಲಾರಿ ದಾಟುವಾಗಿನ ತಳ್ಳಾಟಕ್ಕೂ ಹಾವೀ ಗಾಳಿಗೂ ತುಂಬ ಹೋಲಿಕೆ ಇದೆ.

ಹಾವೀಯಲ್ಲಿ ಸ್ಪೆಷಲ್ ನೀಡ್ಸ್ ಚೀಲ ಸಿಗುತ್ತದೆ, ನಾವೇ ಮೊದಲು ತುಂಬಿಸಿ ಕೊಟ್ಟದ್ದು. ನಾನು ಅದರಲ್ಲಿ ಒಂದೇ ವಸ್ತು ಇಟ್ಟಿದ್ದೆ. ಹಿಂದಿನ ರಾತ್ರಿ ಪೂರ್ತಿ ಮಂಜುಗಡ್ಡೆ ಮಾಡಿದ, ಶಾಖ ತಡೆಯುವ ಚೀಲದಲ್ಲಿ ಸುತ್ತಿದ ಉಪ್ಪು-ಸಕ್ಕರೆ ಬಾಟಲಿ. ಕೈಗೆ ಬಂದಾಗ ಒಳಗೆ ಇನ್ನೂ ಒಂದು ಗಟ್ಟಿ ಉಂಡೆ ಗಡಗಡ ಅನ್ನುತ್ತಿತ್ತು. ಆ ಮೊದಲ ಗುಟುಕು ಗಂಟಲಿನಿಂದ ಹೊಟ್ಟೆಗೆ ಇಳಿಯುವ ದಾರಿ ಪೂರ್ತಿ ಗೊತ್ತಾಯಿತು. ಅಲ್ಲಿಯವರೆಗೆ ಎಲ್ಲಾ ಬಾಟಲಿಯಲ್ಲೂ ಇದ್ದದ್ದು ಉಗುರುಬೆಚ್ಚಗಿನ ಸಿಹಿನೀರು. ಇಡೀ ಸೈಕಲ್ ಭಾಗದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದು, ಯಾರು ಕೋನಾಕ್ಕೆ ಹೋದರೂ ಇದನ್ನು ಮಾಡಿ ಅಂತ ಕೈಮುಗಿದು ಹೇಳುತ್ತೇನೆ.

ವಾಪಸ್ ಬರುವಾಗ ಎದುರು ಗಾಳಿ. ಹೆಚ್ಚು ಬರೆಯುವುದಕ್ಕಿಲ್ಲ, ತಲೆ ತಗ್ಗಿಸಿ ತುಳಿದೆ. ದಾರಿಯಲ್ಲಿ ನೀರು, ತಿಂಡಿ ಕೊಡುವ ಪ್ರತಿ ಏಡ್ ಸ್ಟೇಷನ್‌ನಲ್ಲೂ ಎರಡು ಬಾಟಲಿ ಹಿಡಿದೆ, ಒಂದು ಕುಡಿಯಲು, ಇನ್ನೊಂದು ಹೆಲ್ಮೆಟ್ ಸಂದಿಯಿಂದ ತಲೆಗೆ, ಬೆನ್ನಿಗೆ, ತೊಡೆಗೆ ಸುರಿದುಕೊಳ್ಳಲು.

ಕೋನಾದ ಓಟ ಬೇರೆಯೇ. ಸೈಕಲ್‌ನಲ್ಲಿ ಎಷ್ಟೇ ಬಿಸಿಲಿದ್ದರೂ ಗಂಟೆಗೆ 26-27 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ನಮ್ಮ ವೇಗವೇ ಗಾಳಿ ಕೊಡುತ್ತದೆ, ಅದರಿಂದ ಬೆವರು ಆರುತ್ತದೆ. ಇಳಿದು ಓಡಲು ಶುರು ಮಾಡಿದರೆ ವೇಗ ಒಂಬತ್ತೋ ಹತ್ತೋ ಕಿಲೋಮೀಟರ್. ಗಾಳಿ ಹಿಂದಿನಿಂದ ಅಷ್ಟೇ ವೇಗದಲ್ಲಿ ಬಂದರೆ ಮೈಗೆ ಗಾಳಿಯೇ ಸೋಕುವುದಿಲ್ಲ. ಮಧ್ಯಾಹ್ನ ಮೂರು ದಾಟಿತ್ತು. ಆರೂ ಮುಕ್ಕಾಲು ಗಂಟೆ ಸೈಕಲ್ ತುಳಿದು ಚೆನ್ನಾಗಿದ್ದ ನಾನು ಓಡಲು ಶುರು ಮಾಡಿದ ಕೆಲವೇ ನಿಮಿಷಕ್ಕೆ ಎದೆಬಡಿತ 155 ತೋರಿಸಿತು. ಕಾಲಿಗೆ ಏನೂ ಆಗಿರಲಿಲ್ಲ. ಬಿಸಿ ಹೊರಗೆ ಹೋಗುತ್ತಿಲ್ಲ, ಅಷ್ಟೇ. ಆಗಲೇ ನಡೆಯಲು ಶುರು ಮಾಡಿದೆ. ಪಕ್ಕದಲ್ಲಿ, ಸಮುದ್ರ ದಂಡೆಯ ರಸ್ತೆ ಅಲೀ ಡ್ರೈವ್ ತುಂಬ ಜನ ಕೂಗುತ್ತಾ ಚಪ್ಪಾಳೆ ತಟ್ಟುತ್ತಾ ನಿಂತಿದ್ದಾರೆ, ಅವರ ಮುಂದೆ ಓಟದ ಶುರುವಿನಲ್ಲೇ ನಡೆಯುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಆದರೂ 145ಕ್ಕೆ ಇಳಿಯುವವರೆಗೆ ನಡೆದೆ. ಆಮೇಲೆ ಓಡಿದೆ. ಇಡೀ ಮ್ಯಾರಥಾನ್ ಮಾಡಿದ್ದು ಹೀಗೆಯೇ. ಎದೆಬಡಿತ 145ರ ಒಳಗಿದ್ದರೆ ಓಟ, ದಾಟಿದರೆ ನಡಿಗೆ. ಪಕ್ಕದವರು ಏನು ಮಾಡುತ್ತಿದ್ದಾರೆ ಅಂತ ನೋಡುವುದನ್ನೇ ಬಿಟ್ಟೆ.

ಏಡ್ ಸ್ಟೇಷನ್‌ಗಳು ಹತ್ತಿರ ಹತ್ತಿರ ಇವೆ. ಒಂದೊಂದರಲ್ಲೂ ನಾನು ಒಂದೇ ಕ್ರಮದಲ್ಲಿ ನಡೆದೆ. ಮೊದಲು ಮಂಜುಗಡ್ಡೆ. ಒಂದು ಲೋಟ ಟೋಪಿಯೊಳಗೆ, ಒಂದು ಲೋಟ ಬಟ್ಟೆಯ ಮುಂಭಾಗಕ್ಕೆ, ಎರಡು ಚೂರು ಎರಡು ಅಂಗೈಯಲ್ಲಿ. ಅಂಗೈಯಲ್ಲಿ ರಕ್ತನಾಳಗಳು ಚರ್ಮಕ್ಕೆ ತುಂಬ ಹತ್ತಿರ ಇರುವುದರಿಂದ ಅಲ್ಲಿ ತಂಪಾದರೆ ಬೇಗ ಹಿತವಾಗುತ್ತದೆ. ಆಮೇಲೆ ಕುಡಿಯುವುದು. ಕೊನೆಗೆ ಸ್ಪಂಜು. ಮುಷ್ಟಿಯೊಳಗಿನ ಮಂಜುಗಡ್ಡೆ ಕರಗಿ ಬೆರಳ ಸಂದಿಯಿಂದ ಸೋರಿ ಖಾಲಿಯಾಗುವ ಹೊತ್ತಿಗೆ ಮುಂದಿನ ಏಡ್ ಸ್ಟೇಷನ್ ಕಾಣುತ್ತಿತ್ತು. ಇಷ್ಟು ನೀರು ಸುರಿದುಕೊಂಡರೆ ಶೂ ಒದ್ದೆಯಾಗುತ್ತದೆ, ಪಾದದಲ್ಲಿ ಬೊಬ್ಬೆ ಏಳುತ್ತವೆ. ಬೆರಳುಗಳಿಗೆ ದಪ್ಪಗೆ ವ್ಯಾಸಲೀನ್ ಹಚ್ಚಿದ್ದೆ, ಒಂದು ಜೊತೆ ಒಣ ಸಾಕ್ಸ್ ಕೂಡ ಓಟದ ಚೀಲದಲ್ಲಿಟ್ಟಿದ್ದೆ. ಬೊಬ್ಬೆ ಎದ್ದವು, ಆದರೆ ಓಡುವುದಕ್ಕೆ ತೊಂದರೆ ಆಗಲಿಲ್ಲ.

ಪಲಾನಿ ಏರನ್ನು ಪೂರ್ತಿ ನಡೆದೇ ಹತ್ತಿದೆ. ಮತ್ತೆ ಕ್ವೀನ್ ಕೆ, ಅಲ್ಲಿಂದ ಎನರ್ಜಿ ಲ್ಯಾಬ್ ಕಡೆಗೆ ಇಳಿಯುವ ರಸ್ತೆ. ಆಳದ ತಣ್ಣನೆಯ ಸಮುದ್ರದ ನೀರನ್ನು ಪೈಪ್‌ಗಳಲ್ಲಿ ಮೇಲೆತ್ತಿ ಸಂಶೋಧನೆಗೆ ಬಳಸುವ ಜಾಗ ಅದು. ರಸ್ತೆಯಲ್ಲಿ ಓಡುವವರಿಗೆ ಮಾತ್ರ ಆ ತಂಪಿನ ಸುಳಿವೂ ಇಲ್ಲ. ಮುಂಚೂಣಿಯವರು ಅಲ್ಲಿಗೆ ಉರಿ ಬಿಸಿಲಲ್ಲಿ ಬರುತ್ತಾರೆ. ನನ್ನಷ್ಟು ನಿಧಾನದವರಿಗೆ ಒಂದು ಅನುಕೂಲ, ಅಷ್ಟರಲ್ಲಿ ಸೂರ್ಯ ಇಳಿದಿರುತ್ತಾನೆ. ಕೋನಾದಲ್ಲಿ ಅಕ್ಟೋಬರ್‌ನಲ್ಲಿ ಸಂಜೆ ಆರರ ಹೊತ್ತಿಗೆ ಕತ್ತಲಾಗಲು ಶುರು. ಎದೆಬಡಿತ ತಾನಾಗಿಯೇ 140ಕ್ಕೆ ಇಳಿಯಿತು, ನಡೆಯುವ ಅಗತ್ಯ ಕಡಿಮೆಯಾಯಿತು, ಕೊನೆಯ 12 ಕಿಲೋಮೀಟರ್ ನನ್ನ ಮ್ಯಾರಥಾನ್‌ನ ಅತಿ ವೇಗದ ಭಾಗವಾಯಿತು. ಮಧ್ಯಾಹ್ನ ನಾನು ನಡೆಯುವಾಗ ನನ್ನನ್ನು ದಾಟಿ ಹೋಗಿದ್ದ ಎಷ್ಟೋ ಜನ ಈಗ ರಸ್ತೆ ಅಂಚಿನಲ್ಲಿ ಬಗ್ಗಿ ನಿಂತಿದ್ದರು. ಒಬ್ಬರಿಗೆ ನನ್ನ ಹತ್ತಿರ ಉಳಿದಿದ್ದ ಉಪ್ಪಿನ ಗುಳಿಗೆ ಕೊಟ್ಟೆ, ಅವರು ನನ್ನ ಭುಜ ತಟ್ಟಿ "ಹೋಗು ಹೋಗು" ಅಂದರು.

ಆ ದಿನ ವೃತ್ತಿಪರರಿಗೂ ಬಿಸಿಲು ಬಿಡಲಿಲ್ಲ ಅಂತ ಆಮೇಲೆ ಗೊತ್ತಾಯಿತು. 2023ರಲ್ಲಿ ಇದೇ ಕೋನಾದಲ್ಲಿ ಗೆದ್ದಿದ್ದ ಲೂಸಿ ಚಾರ್ಲ್ಸ್-ಬಾರ್ಕ್ಲಿ ಓಟದ ನಡುವೆ ನಿಲ್ಲಿಸಿದರು. ಮುಂದಿದ್ದ ಟೇಲರ್ ನಿಬ್ ಗುರಿಗೆ ಮೂರು ಕಿಲೋಮೀಟರ್ ಆಸುಪಾಸು ಇರುವಾಗ ರಸ್ತೆಯಲ್ಲೇ ಕುಸಿದರು. ಗೆದ್ದದ್ದು ನಾರ್ವೆಯ ಸೋಲ್ವೈ ಲೋವ್‌ಸೆತ್, 8 ಗಂಟೆ 28 ನಿಮಿಷದಲ್ಲಿ. ಇದನ್ನು ಹೇಳುವುದು ನಾನು ಅವರಿಗಿಂತ ಜಾಣೆ ಅಂತ ತೋರಿಸಲು ಅಲ್ಲ, ಅವರು ಹೋಗುವ ವೇಗದಲ್ಲಿ ಮೈಯೊಳಗೆ ಹುಟ್ಟುವ ಬಿಸಿಯೇ ನನ್ನದಕ್ಕಿಂತ ತುಂಬ ಜಾಸ್ತಿ. ಗೆಲ್ಲಲು ಬಂದವರು ಅಂಚಿನಲ್ಲೇ ಓಡಬೇಕು. ಮುಗಿಸಲು ಬಂದ ನಮಗೆ ಅಂಚಿನಿಂದ ದೂರ ಇರುವ ಅವಕಾಶ ಇದೆ, ಅದನ್ನು ಬಳಸಿಕೊಳ್ಳಬೇಕು.

ಗುರಿ ಮುಟ್ಟಿದ ಮೇಲೆ ಇಬ್ಬರು ಸ್ವಯಂಸೇವಕರು ಎರಡೂ ಕಡೆ ಹಿಡಿದುಕೊಂಡು ಹೆಸರು, ವಯಸ್ಸು ಕೇಳಿದರು. ಸರಿಯಾಗಿ ಉತ್ತರ ಬಂದ ಮೇಲೆಯೇ ಕೈ ಬಿಟ್ಟಿದ್ದು. ತೂಕ ನೋಡಿಕೊಂಡೆ, ಒಂದೂವರೆ ಕಿಲೋ ಕಮ್ಮಿ. ಹದಿಮೂರು ಗಂಟೆಯ ನನ್ನ ಲೆಕ್ಕಕ್ಕೆ ಅದು ತುಂಬ ಒಳ್ಳೆಯ ಅಂಕಿ, ಪದಕದಷ್ಟೇ ಖುಷಿ ಅದೂ ಕೊಟ್ಟಿತು.

ಸ್ನಾನ ಮಾಡಿ, ಸ್ವಲ್ಪ ತಿಂದು, ಕೊನೆಯ ಗಂಟೆ ನೋಡಲು ಮತ್ತೆ ಅಲೀ ಡ್ರೈವ್‌ಗೆ ಬಂದೆ. ಹೋದವರು ದಯವಿಟ್ಟು ಇದನ್ನು ಬಿಡಬೇಡಿ. ಆವತ್ತು ನಟಾಲಿ ಗ್ರ್ಯಾಬೋ 80ನೇ ವಯಸ್ಸಿನಲ್ಲಿ 16 ಗಂಟೆ 45 ನಿಮಿಷ 26 ಸೆಕೆಂಡಿಗೆ ಮುಗಿಸಿದರು. ಈ ಚಾಂಪಿಯನ್‌ಶಿಪ್ ಮುಗಿಸಿದ ಹೆಂಗಸರಲ್ಲಿ ಅತಿ ಹಿರಿಯರು ಅವರೇ. ನನ್ನ ಪಕ್ಕ ನಿಂತಿದ್ದವರೆಲ್ಲ ಕಟ್ಟೆ ಬಡಿದು ಬಡಿದು ಕೂಗಿದರು, ನಾನೂ ಗಂಟಲು ಕಟ್ಟುವವರೆಗೆ ಕೂಗಿದೆ.

2026ರಿಂದ ಗಂಡಸರು, ಹೆಂಗಸರು ಇಬ್ಬರಿಗೂ ಮತ್ತೆ ಕೋನಾದಲ್ಲೇ, ಒಂದೇ ದಿನ. ಸೀಟು ಕೊಡುವ ರೀತಿಯೂ ಬದಲಾಗಿದೆ, ವಯಸ್ಸಿಗೆ ತಕ್ಕಂತೆ ಸಮಯವನ್ನು ಸರಿದೂಗಿಸಿ ಬೇರೆ ಬೇರೆ ಗುಂಪಿನವರನ್ನು ಒಟ್ಟಿಗೆ ಹೋಲಿಸುತ್ತಾರೆ. ಹೆಂಗಸರಿಗೆ ಎಷ್ಟು ಸೀಟು ಸಿಗುತ್ತವೆ ಅನ್ನುವುದನ್ನು ನಾನು ಗಮನವಿಟ್ಟು ನೋಡುತ್ತೇನೆ, ನೀವೂ ನೋಡಿ. ನಾನು ಮತ್ತೆ ಪ್ರಯತ್ನಿಸುವವಳೇ. ಮುಂದಿನ ಸಲ ಬದಲಿಸುವುದು ಒಂದೇ. ಸೈಕಲ್‌ನ ಕೊನೆಯ 30 ಕಿಲೋಮೀಟರ್‌ನಲ್ಲಿ ಇನ್ನೂ ಹತ್ತು ವ್ಯಾಟ್ ಇಳಿಸಿ, ಇಳಿಯುವ ಮೊದಲೇ ಮೈ ತಣ್ಣಗೆ ಮಾಡಿಕೊಂಡು, ಅಲೀ ಡ್ರೈವ್‌ನಲ್ಲಿ ನಡೆಯುವ ಆ ಮೊದಲ ಭಾಗವನ್ನು ಓಡಬಹುದೇ ಅಂತ ನೋಡಬೇಕು. ಅದಕ್ಕೆ ಅಭ್ಯಾಸ ಈ ವಾರದಿಂದಲೇ ಶುರು ಮಾಡಿದ್ದೇನೆ.